ಪಾವಗಡದ ಹಲ್ಲು

ಪಿಯುಸಿಗೆ ಅಂತ ತುಮಕೂರಿನ ಹಾಸ್ಟೆಲ್ ಸೇರಿದ ಮೊದಲ ವಾರವೇ ರೂಮಿನ ಹುಡುಗಿಯೊಬ್ಬಳು ಕೇಳಿದಳು, "ಲೇ, ನೀನು ಹಲ್ಲು ಉಜ್ಜೋದೇ ಇಲ್ವೇನೇ?" ಅದು 1999. ಅವಳು ಚುಚ್ಚಬೇಕು ಅಂತ ಕೇಳಿದ್ದಲ್ಲ. ಆದರೆ ನನ್ನ ಹಲ್ಲು ಬೇರೆಯವರ ಹಲ್ಲಿನ ಹಾಗಿಲ್ಲ ಅನ್ನೋದು ಅಲ್ಲಿವರೆಗೆ ನನಗೆ ಗೊತ್ತೇ ಇರಲಿಲ್ಲ. ನಮ್ಮೂರು ಪಾವಗಡ ತಾಲ್ಲೂಕಿನದು. ಸ್ಕೂಲಿನಲ್ಲಿ ನನ್ನ ಜೊತೆಯವರ ಹಲ್ಲೆಲ್ಲ ಹೀಗೇ ಇದ್ದವು. ಸುಣ್ಣ ಬಳಿದಂಥ ಪಟ್ಟೆ, ಅದರ ಮೇಲೆ ಕಾಫಿ ಡಿಕಾಕ್ಷನ್ ಚೆಲ್ಲಿದಂಥ ಕಲೆ. ಮನೆಯಲ್ಲಿ ಅಮ್ಮನ ಹಲ್ಲು ಮಾತ್ರ ಬೆಳ್ಳಗಿತ್ತು. ಅವಳು ಚಿಕ್ಕವಳಿದ್ದಾಗ ಸೇದೋ ಬಾವಿಯ ನೀರು ಕುಡಿದವಳು. ನಾವು ಬೋರ್‌ವೆಲ್ ಮಕ್ಕಳು.

ಬಂಡೆಯಲ್ಲಿರುವ ಫ್ಲೋರೈಡ್ ನಮ್ಮ ಕಡೆಯ ಬೋರ್‌ವೆಲ್ ನೀರಿಗೆ ಇಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುವುದು ಕುಡಿಯುವ ನೀರಿನ ಲೆಕ್ಕ. ಮಗುವಿಗೆ ಸುಮಾರು ಎಂಟು ವರ್ಷ ಆಗುವವರೆಗೆ ಶಾಶ್ವತ ಹಲ್ಲುಗಳು ವಸಡಿನ ಒಳಗೇ ತಯಾರಾಗುತ್ತಿರುತ್ತವೆ. ಆ ಹೊತ್ತಿನಲ್ಲಿ ಫ್ಲೋರೈಡ್ ಜಾಸ್ತಿ ಹೋದರೆ ಹಲ್ಲಿನ ಮೇಲ್ಪದರ ಗಟ್ಟಿಯಾಗಿ ಕೂರುವುದಿಲ್ಲ. ಹಲ್ಲು ಮೂಡುವಾಗಲೇ ಪಟ್ಟೆ ಹೊತ್ತು ಬರುತ್ತದೆ, ಆಮೇಲೆ ಅದು ಕಂದಾಗುತ್ತದೆ. ಅಂದರೆ ಅದು ಕೊಳೆಯಲ್ಲ, ಹಲ್ಲೇ ಹಾಗೆ.

ಇದನ್ನೆಲ್ಲ ತಿಳಿದುಕೊಳ್ಳುವಷ್ಟರಲ್ಲಿ ನನಗೆ 34 ಆಗಿತ್ತು. ಅಲ್ಲಿವರೆಗೆ ಮಾಡಿದ್ದು ಒಂದೇ ಕೆಲಸ, ಉಜ್ಜಿದ್ದು. ಗಟ್ಟಿ ಬ್ರಷ್ ತಂದು ಉಜ್ಜಿದೆ. ಇದ್ದಿಲು ಪುಡಿ ಮಾಡಿ ಉಜ್ಜಿದೆ. ಉಪ್ಪು ಆಯಿತು, ಅಡುಗೆ ಸೋಡಾಗೆ ನಿಂಬೆಹಣ್ಣು ಹಿಂಡಿಕೊಂಡು ಉಜ್ಜಿದ್ದೂ ಆಯಿತು. ಆ ನಿಂಬೆಹಣ್ಣಿನ ಐಡಿಯಾ ಕೊಟ್ಟವರು ಈಗ ಸಿಕ್ಕರೆ ನಾಲ್ಕು ಮಾತು ಆಡೋದಿದೆ. ಹುಳಿ ತಾಗಿ ಮೆತ್ತಗಾದ ಹಲ್ಲನ್ನು ಅದೇ ಉಸಿರಿನಲ್ಲಿ ತಿಕ್ಕಿದರೆ ಕಲೆ ಹೋಗುವುದಿಲ್ಲ, ಹಲ್ಲು ಸವೆಯುತ್ತದೆ. ನನ್ನ ಕೋರೆಹಲ್ಲುಗಳ ಬುಡದಲ್ಲಿ ಉಗುರು ಆನಿಸಿದರೆ ಸಿಕ್ಕಿಕೊಳ್ಳುವಷ್ಟು ಕಚ್ಚು ಬಿದ್ದಿತ್ತು. ತಣ್ಣೀರು ಕುಡಿದರೆ ಜುಮ್ ಅಂತ ನೆತ್ತಿಗೆ ಏರುತ್ತಿತ್ತು.

ಕೆಲಸ ಸೀರೆ ಅಂಗಡಿಯಲ್ಲಿ. ಗಿರಾಕಿ ಮುಂದೆ ನಗದೆ ಇರೋಕೆ ಆಗಲ್ಲ ಅಲ್ವಾ? ಸೆರಗು ಬಿಡಿಸಿ ತೋರಿಸುವಾಗ ಅದನ್ನೇ ಸ್ವಲ್ಪ ಮೇಲೆತ್ತಿ ಬಾಯಿಗೆ ಅಡ್ಡ ಹಿಡಿದು ನಗುವುದು ರೂಢಿಯಾಗಿಹೋಗಿತ್ತು. ಮದುವೆ ಆಲ್ಬಂ ತೆಗೆದರೆ ಒಂದು ಫೋಟೋದಲ್ಲೂ ನನ್ನ ಹಲ್ಲು ಕಾಣುವುದಿಲ್ಲ.

ನಡುವೆ ಒಂದು ಕಡೆ ಹಲ್ಲು ಬಿಳಿ ಮಾಡಿಸಲೂ ಹೋದೆ. ಬಾಯಿಯಲ್ಲಿ ಬೇರೇನು ತೊಂದರೆ ಇದೆ ಅಂತ ಅವರು ನೋಡಲಿಲ್ಲ, ನಾನೂ ಕೇಳಲಿಲ್ಲ. ಒಂದೂವರೆ ಗಂಟೆ ಬಾಯಿ ಕಳೆದುಕೊಂಡು ಮಲಗಿ ಎದ್ದೆ. ಹಲ್ಲೇನೋ ಬೆಳ್ಳಗಾಯಿತು. ಜೊತೆಗೆ ಆ ಸುಣ್ಣದ ಪಟ್ಟೆಗಳೂ ಇನ್ನಷ್ಟು ಬೆಳ್ಳಗಾಗಿ ಎದ್ದು ಕಾಣತೊಡಗಿದವು. ಕಂದು ಕಲೆ ಸ್ವಲ್ಪ ತಿಳಿಯಾಯಿತು, ಹೋಗಲಿಲ್ಲ. ಎರಡು ದಿನ ಗಾಳಿ ಎಳೆದುಕೊಂಡರೂ ಹಲ್ಲು ಜುಮ್ ಅನ್ನುತ್ತಿತ್ತು.

ಕೊನೆಗೆ ಡೆಂಟಲ್ ಕಾಲೇಜಿಗೆ ಹೋಗಿದ್ದು ಕಲೆಗಲ್ಲ, ರಕ್ತಕ್ಕೆ. ಬೆಳಿಗ್ಗೆ ಉಗಿದರೆ ನೊರೆ ಕೆಂಪಗಿರುತ್ತಿತ್ತು. ಗಟ್ಟಿಯಾಗಿ ಉಜ್ಜುವುದಕ್ಕೇ ಹೀಗೆ ಅಂದುಕೊಂಡು ವರ್ಷಗಟ್ಟಲೆ ಬಿಟ್ಟಿದ್ದೆ. ಅಲ್ಲಿದ್ದ ಹೌಸ್ ಸರ್ಜನ್ ಹುಡುಗಿಗೆ ನನ್ನ ತಂಗಿಯ ವಯಸ್ಸೂ ಇರಲಿಲ್ಲ. ಹತ್ತಿಯಲ್ಲಿ ಒಂದು ಬಣ್ಣದ ದ್ರವ ಅದ್ದಿ ಎಲ್ಲ ಹಲ್ಲಿಗೂ ಸವರಿದಳು, ಬಾಯಿ ಮುಕ್ಕಳಿಸಲು ಹೇಳಿದಳು, ಕೈಗೆ ಕನ್ನಡಿ ಕೊಟ್ಟಳು. "ನೋಡಿ ಅಕ್ಕಾ, ಎಲ್ಲಿ ಬಣ್ಣ ಹಿಡಿದಿದೆಯೋ ಅಲ್ಲಿ ಪಾಚಿ ಇದೆ. ಹೊಸದು ಗುಲಾಬಿ, ಹಳೇದು ನೇರಳೆ."

ನಾನು ಮೊದಲು ನೋಡಿದ್ದು ಮುಂದಿನ ಎರಡು ಹಲ್ಲುಗಳನ್ನೇ. ಹದಿನೆಂಟು ವರ್ಷ ನಾನು ತಿಕ್ಕಿದ್ದ ಆ ಕಂದು ಕಲೆಯ ಮೇಲೆ ಒಂದು ಚುಕ್ಕೆ ಬಣ್ಣವೂ ನಿಂತಿರಲಿಲ್ಲ. ಅಷ್ಟು ಕ್ಲೀನು! ಆದರೆ ವಸಡಿನ ಅಂಚಿನಲ್ಲಿ ಸೀರೆಗೆ ಬಾರ್ಡರ್ ಹಾಕಿದ ಹಾಗೆ ನೇರಳೆ ಗೆರೆ. ಎರಡೆರಡು ಹಲ್ಲಿನ ಸಂದಿಯಲ್ಲಿ ನೇರಳೆ. ಪುಟ್ಟ ಕನ್ನಡಿಯನ್ನು ಬಾಯೊಳಗೆ ಹಿಡಿದು ಕೆಳಗಿನ ಮುಂಹಲ್ಲುಗಳ ಹಿಂಭಾಗ ತೋರಿಸಿದಳು. ಅಲ್ಲಿ ಹಲ್ಲುಗಳ ನಡುವೆ ಸಂದಿಯೇ ಇರಲಿಲ್ಲ, ಗಾರೆ ಮೆತ್ತಿದ ಹಾಗೆ ಹಳದಿ ಕಲ್ಲು ಕಟ್ಟಿಕೊಂಡಿತ್ತು. ಎಂಜಲು ಸುರಿಯುವ ನಾಳ ಅಲ್ಲೇ ನಾಲಿಗೆ ಕೆಳಗೆ ತೆರೆದುಕೊಳ್ಳುವುದರಿಂದ ಪಾಚಿ ಬೇಗ ಗಟ್ಟಿಯಾಗುವ ಜಾಗವಂತೆ ಅದು. ಕಾಣೋ ಕಡೆಯೆಲ್ಲ ತಿಕ್ಕಿದ್ದೆ, ಕಾಣದ ಕಡೆ ಕೈಯೇ ಹೋಗಿರಲಿಲ್ಲ.

ಆಮೇಲೆ ಗುರುತು ಹಾಕಿದ ಸಣ್ಣ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ ಅಳೆಯುತ್ತಾ ಹೋದಳು. ಪಕ್ಕದಲ್ಲಿ ಇನ್ನೊಬ್ಬ ಹುಡುಗ ಬರೆದುಕೊಳ್ಳುತ್ತಿದ್ದ. "ಮೂರು, ಎರಡು, ಮೂರು, ಐದು, ಐದು, ಆರು..." ಮೂರು ಮಿಲಿಮೀಟರ್‌ವರೆಗೆ ಪರವಾಗಿಲ್ಲ, ಅದಕ್ಕಿಂತ ಆಳ ಇದ್ದರೆ ವಸಡು ಹಲ್ಲನ್ನು ಬಿಟ್ಟುಕೊಡುತ್ತಿದೆ ಅಂತ ಅರ್ಥ. ಆ ಆರನ್ನು ಅವಳು ಮೆತ್ತಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಕ್ಲೀನಿಂಗ್ ಮಾಡಿಸಬೇಕು ಅಂದಾಗ ಮನೆಯಲ್ಲಿ ಅತ್ತೆ, "ಬೇಡ ಕಣಮ್ಮ, ಕ್ಲೀನ್ ಮಾಡ್ಸಿದ್ರೆ ಹಲ್ಲು ಅಲ್ಲಾಡುತ್ತೆ" ಅಂದರು. ಎಲ್ಲರ ಮನೆಯಲ್ಲೂ ಈ ಮಾತು ಇದೆ. ಕ್ಲೀನಿಂಗ್ ಆದ ಸಂಜೆ ನನಗೂ ಹಾಗೇ ಅನಿಸಿತು ಅನ್ನಿ. ನಾಲಿಗೆ ಆಡಿಸಿದರೆ ಎಲ್ಲಾ ಕಡೆ ಸಂದಿ, ಹಲ್ಲು ತೆಳ್ಳಗಾದ ಹಾಗೆ. ನಿಜವೆಂದರೆ ಅಷ್ಟು ದಿನ ಆ ಸಂದಿ ತುಂಬಿಕೊಂಡು ಕೂತಿದ್ದು ಕಲ್ಲು. ಅದು ಹೋದ ಮೇಲೆ ಹಲ್ಲು ಇದ್ದ ಹಾಗೆ ಕಂಡಿತು. ಆಳವಾಗಿದ್ದ ಕಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎರಡು ಸಲ ಕರೆಸಿ ವಸಡಿನ ಒಳಗೂ ಕೆರೆದರು.

ಅವತ್ತಿನಿಂದ ಬ್ರಷ್ ಹಿಡಿಯುವ ರೀತಿಯೇ ಬದಲಾಯಿತು. ಸಾಫ್ಟ್ ಬ್ರಷ್, ಚಿಕ್ಕ ತಲೆಯದು. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ, ಪೆನ್ನಿನ ಹಾಗೆ ಬೆರಳಲ್ಲಿ ಹಿಡಿಯುತ್ತೇನೆ. ಹಾಗೆ ಹಿಡಿದರೆ ಜೋರು ಹಾಕಬೇಕೆಂದರೂ ಆಗುವುದಿಲ್ಲ. ಕೂದಲಿನ ತುದಿ ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನಲ್ಲಿ ಇರುವಂತೆ ಓರೆಯಾಗಿ ಇಟ್ಟು, ಇದ್ದ ಜಾಗದಲ್ಲೇ ನಡುಗಿಸಿದ ಹಾಗೆ ಸಣ್ಣದಾಗಿ ಆಡಿಸಿ, ಹಲ್ಲಿನ ತುದಿ ಕಡೆಗೆ ಗುಡಿಸುತ್ತೇನೆ. ಎರಡೆರಡು ಹಲ್ಲು ಮುಗಿಸಿ ಮುಂದಕ್ಕೆ. ಶುರು ಮಾಡುವುದು ಯಾವಾಗಲೂ ಕೆಳಗಿನ ಮುಂಹಲ್ಲಿನ ಹಿಂದಿನಿಂದ, ಬ್ರಷ್ ಉದ್ದಕ್ಕೆ ನಿಲ್ಲಿಸಿಕೊಂಡು. ಕಾಣೋ ಹಲ್ಲು ಕೊನೆಗೆ. ಎರಡು ನಿಮಿಷ ಅಂದರೆ ಎಷ್ಟು ಉದ್ದ ಅಂತ ಗಡಿಯಾರ ಇಟ್ಟು ನೋಡಿದ ಮೇಲೇ ಗೊತ್ತಾಗಿದ್ದು.

ರಾತ್ರಿ ಉಜ್ಜುವ ಮುಂಚೆ ಸಂದಿಗೆ ತೂರಿಸುವ ಪುಟ್ಟ ಬ್ರಷ್ ಆಡಿಸುತ್ತೇನೆ. ಮಗುವಿನ ಹಾಲಿನ ಬಾಟಲಿ ತೊಳೆಯುವ ಬ್ರಷ್ ಇರುತ್ತದಲ್ಲ, ಅದರ ಮರಿ ಥರ ಇರುತ್ತದೆ. ಮೊದಲ ವಾರ ಅದು ಹೋದಲ್ಲೆಲ್ಲ ರಕ್ತ. ನಿಲ್ಲಿಸಬೇಡಿ ಅಂತ ಮೊದಲೇ ಹೇಳಿದ್ದರಿಂದ ಮುಂದುವರಿಸಿದೆ, ಇಲ್ಲದಿದ್ದರೆ ಹೆದರಿ ಬಿಟ್ಟೇಬಿಡುತ್ತಿದ್ದೆ. ಹನ್ನೆರಡನೇ ದಿನ ಉಗಿದ ನೊರೆ ಬೆಳ್ಳಗಿತ್ತು. ಗಂಡನನ್ನು ಕರೆದು ವಾಶ್‌ಬೇಸಿನ್ ತೋರಿಸಿದೆ. ಅವರಿಗೆ ಅದರಲ್ಲಿ ನೋಡೋಕೆ ಏನಿದೆ ಅಂತ ಅರ್ಥ ಆಗಲಿಲ್ಲ ಪಾಪ.

ಪೇಸ್ಟಿನ ವಿಷಯಕ್ಕೆ ನಾನು ಜಗಳವನ್ನೇ ಆಡಿದ್ದೆ. ಫ್ಲೋರೈಡಿನಿಂದಲೇ ಹಲ್ಲು ಹಾಳಾಗಿರುವಾಗ ಫ್ಲೋರೈಡ್ ಪೇಸ್ಟ್ ಯಾಕೆ? ಆ ಹೌಸ್ ಸರ್ಜನ್ ಹುಡುಗಿ ಹೇಳಿದ್ದು ಇಷ್ಟು. ಕಲೆ ಬಂದಿದ್ದು ಹಲ್ಲು ತಯಾರಾಗುವಾಗ ಹೊಟ್ಟೆಗೆ ಹೋದ ಫ್ಲೋರೈಡಿನಿಂದ. ದೊಡ್ಡವರಿಗೆ ಆ ಕಾಲ ಮುಗಿದಿದೆ. ಹಲ್ಲಿನ ಮೇಲೆ ಹಚ್ಚಿ ಉಗಿಯುವ ಫ್ಲೋರೈಡ್ ಹುಳುಕು ತಡೆಯುತ್ತದೆ. ಅದಕ್ಕೇ ಈಗ ಉಜ್ಜಿದ ಮೇಲೆ ನೊರೆ ಉಗಿಯುತ್ತೇನೆ ಅಷ್ಟೆ, ಬಕೆಟ್‌ಗಟ್ಟಲೆ ನೀರು ಹಾಕಿ ಮುಕ್ಕಳಿಸುವುದಿಲ್ಲ. ಮಕ್ಕಳ ವಿಷಯ ಬೇರೆ. ಅವರು ನುಂಗುತ್ತಾರೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು, ಅದೂ ನಾವೇ ಹಾಕಿಕೊಡಬೇಕು.

ಊರಲ್ಲಿ ತಂಗಿಯ ಮನೆಯಲ್ಲಿ ಈಗ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ, ಕಾಯಿನ್ ಹಾಕಿದರೆ ನೀರು ಬರುತ್ತದೆ. ಆದರೆ ಅದು ಕುಡಿಯೋಕೆ ಮಾತ್ರ. ಮುದ್ದೆಗೆ ಎಸರು, ಸಾರು, ಕಾಫಿ ಎಲ್ಲ ಬೋರ್ ನೀರಿನಲ್ಲೇ. "ಕುದಿಸ್ತೀವಲ್ಲಕ್ಕಾ" ಅಂತಾಳೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲೇ ಹೆಚ್ಚಾಗುತ್ತದೆ. ಅವಳ ಮಗನಿಗೆ ಇನ್ನೂ ನಾಲ್ಕು ವರ್ಷ. ಈ ಒಂದು ವಿಷಯಕ್ಕೆ ನಾನು ಫೋನಿನಲ್ಲಿ ರೇಗಾಡಿದ್ದಿದೆ. ಈಗ ಅಡುಗೆಗೂ ಕ್ಯಾನ್ ನೀರೇ.

ಮೂರು ತಿಂಗಳಿಗೆ ಮತ್ತೆ ಕಡ್ಡಿ ಹಾಕಿ ಅಳೆದಾಗ ಆ ಆರು ನಾಲ್ಕಕ್ಕೆ ಬಂದಿತ್ತು, ಐದುಗಳು ಮೂರಕ್ಕೆ. ಕಲೆಯ ಕೆಲಸ ಕೈಗೆತ್ತಿಕೊಂಡಿದ್ದು ಅದಾದ ಮೇಲೇ. ರಕ್ತ ಸೋರುವ ವಸಡಿನ ಪಕ್ಕ ಏನು ಅಂಟಿಸಿದರೂ ನಿಲ್ಲುವುದಿಲ್ಲವಂತೆ. ಮೊದಲು ಕಲೆಯ ಮೇಲ್ಪದರವನ್ನು ಒಂದು ಪೇಸ್ಟ್ ಹಾಕಿ ತುಸು ತುಸುವೇ ಉಜ್ಜಿ ತೆಗೆದರು. ನಾನು ಮಾಡಿದ್ದೂ ಉಜ್ಜಾಟವೇ, ಅವರು ಮಾಡಿದ್ದೂ ಅದೇ. ಅವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿತ್ತು. ಮೇಲಿನ ಎರಡು ಮುಂಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ಪದರ ಕೂರಿಸಿದರು. ನಮ್ಮ ಅಂಗಡಿಯ ಒಂದು ಸಾಧಾರಣ ರೇಷ್ಮೆ ಸೀರೆಯಷ್ಟು ಖರ್ಚಾಯಿತು. ಉಳಿದ ಹಲ್ಲುಗಳನ್ನು ಹಾಗೇ ಬಿಟ್ಟೆ. ನಕ್ಕರೆ ಪಕ್ಕದಲ್ಲಿ ಇನ್ನೂ ಕಂದು ಕಾಣುತ್ತದೆ. ಆರು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ, ಅಷ್ಟೇ.

ಹೋದ ತಿಂಗಳು ಮದುವೆ ಸೀರೆಗೆ ಅಂತ ಒಂದು ಕುಟುಂಬ ಬಂದಿತ್ತು. ಮದುಮಗಳು ಚೆಲುವೆ, ಆದರೆ ಮಾತೇ ಆಡುತ್ತಿರಲಿಲ್ಲ. ಅಡಿಕೆ ಬಣ್ಣದ್ದೊಂದು ಸೀರೆ ಬಿಡಿಸಿ ಅವಳ ಹೆಗಲ ಮೇಲೆ ಹಾಕಿದೆ. ಖುಷಿಯಾಗಿ ನಗು ಬಂತು, ತಕ್ಷಣ ಸೆರಗು ಬಾಯಿಗೆ ಹೋಯಿತು. ಆ ಕೈ ನನಗೆ ಗೊತ್ತಿಲ್ಲದ ಕೈಯೇ?

"ಯಾವ ಕಡೆಯವರಮ್ಮಾ?" ಅಂದೆ.

"ಪಾವಗಡದ ಹತ್ರ ಆಂಟಿ" ಅಂದಳು ಸೆರಗಿನ ಹಿಂದಿನಿಂದಲೇ.

"ನಮ್ಮದೂ ಆ ಕಡೆಯೇ" ಅಂತ ನಕ್ಕೆ. ಅವಳು ನನ್ನ ಕಣ್ಣು ನೋಡಲಿಲ್ಲ. ನೇರ ಬಾಯಿಯನ್ನೇ ನೋಡಿದಳು, ಮುಂದಿನ ಎರಡು, ಆಮೇಲೆ ಪಕ್ಕದವು. ನೋಡಿ ಮುಗಿಸಲಿ ಅಂತ ನಾನೂ ಬಾಯಿ ಮುಚ್ಚಲಿಲ್ಲ.