ಸೆಣಬು ಕಡಿದು ಮಣ್ಣಿಗೆ ಹಾಕಿದ್ದು: ನನ್ನ ಅನುಭವ

ಮಾರಲು ಬಾರದ ಬೆಳೆಗೆ ಬೀಜ, ಉಳುಮೆ ಅಂತ ದುಡ್ಡು ಸುರಿಯುತ್ತಾನೆ ಎಂದು ಅಕ್ಕಪಕ್ಕದವರು ನಕ್ಕಿದ್ದರು. ಈಗ ಅವರೇ ಸೆಣಬಿನ (ಗೋಣಿಚೀಲದ ಸೆಣಬಲ್ಲ, ಗೊಬ್ಬರಕ್ಕೆ ಬೆಳೆಯುವ ಸನ್‌ಹೆಂಪ್) ಬೀಜ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಸಿರೆಲೆ ಗೊಬ್ಬರ ಅಂದರೆ ಬೆಳೆದ ಗಿಡವನ್ನು ಹಸಿರಿರುವಾಗಲೇ ಕಡಿದು ಮಣ್ಣಿಗೆ ಸೇರಿಸಿ ಕೊಳೆಸುವುದು. ಎಲ್ಲ ನಿಂತಿರುವುದು ಕಡಿಯುವ ಹೊತ್ತಿನ ಮೇಲೆ. ಮೊದಲ ವರ್ಷ ಸೊಪ್ಪು ಜಾಸ್ತಿ ಸಿಗಲಿ ಅಂತ ಕಾಯಿ ಕಟ್ಟುವವರೆಗೂ ಬಿಟ್ಟೆ. ಗಿಡ ಆಳೆತ್ತರ ಆಯಿತು ನಿಜ, ಆದರೆ ಕಾಂಡ ನಾರಾಗಿ ರೋಟವೇಟರ್‌ಗೆ ಸುತ್ತಿಕೊಂಡು, ಬಿಡಿಸಿ ಬಿಡಿಸಿ ಉಳುವಷ್ಟರಲ್ಲಿ ಬಾಡಿಗೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ನಿಜವಾದ ಪೆಟ್ಟು ಆಮೇಲೆ ಬಿತ್ತು. ಅದರ ಮೇಲೆ ಹಾಕಿದ ಮುಸುಕಿನ ಜೋಳ ಹಳದಿ ತಿರುಗಿತು. ಬಲಿತ ಕಾಂಡ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಾವೇ ಎಳೆದುಕೊಂಡಿದ್ದವು. ಸಾರಜನಕ ಕೊಡುವ ಯಾವ ಯೂರಿಯಾ ಉಳಿಸಲು ಹೊರಟಿದ್ದೆನೋ ಅದನ್ನೇ ಇನ್ನೊಂದು ಸುತ್ತು ಕೊಡಬೇಕಾಯಿತು. ಊರೆಲ್ಲ ನಕ್ಕಿದ್ದು ಆಗಲೇ.

ಈಗ ಮೊಗ್ಗು ಒಡೆಯುವ ಹೊತ್ತಿಗೆ, ಸುಮಾರು 45-50 ದಿನಕ್ಕೆ, ಕಡಿದುಬಿಡುತ್ತೇನೆ. ಅದಕ್ಕೂ ಮೊದಲು ಒಂದೆರಡು ಗಿಡ ಮೆಲ್ಲಗೆ ಅಗೆದು ಬೇರಿನ ಗಂಟನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ರಕ್ತದ ಬಣ್ಣ ಇದ್ದರೆ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ಬಿಳಿಚಿಕೊಂಡಿದ್ದರೆ ಕೆಲಸ ನಡೆದಿಲ್ಲ. ನನ್ನ ಒಂದು ತುಂಡು ಹೊಲದಲ್ಲಿ ಎಲ್ಲಾ ಬಿಳಿ. ಮುಂದಿನ ಸಲ ಬೀಜಕ್ಕೆ ರೈಜೋಬಿಯಂ (ಬೇರಿನ ಗಂಟಲ್ಲಿದ್ದು ಸಾರಜನಕ ಹಿಡಿಯುವ ಸೂಕ್ಷ್ಮಜೀವಿ) ಹಚ್ಚಿ ಬಿತ್ತಿದ ಮೇಲೆ ಸರಿಹೋಯಿತು.

ಕಡಿದದ್ದನ್ನು ಆಳಕ್ಕೆ ಹೂಳುವುದಿಲ್ಲ. ಎರಡು ದಿನ ಬಾಡಲು ಬಿಟ್ಟು ಮೇಲ್ಮಣ್ಣಿಗೆ ಮಾತ್ರ ಸೇರಿಸಿ, ಎರಡು ವಾರ ಬಿಟ್ಟು ಬಿತ್ತುತ್ತೇನೆ. ಸೆಣಬಿನ ಜೊತೆ ಇನ್ನೊಂದು ಬೀಜವನ್ನೂ ಬೆರೆಸುತ್ತೇನೆ. ಯಾವುದು, ಎಷ್ಟು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಮಣ್ಣಿಗೆ ಇದ್ದಿಲು ಹಾಕುವ ಹುಚ್ಚೂ ಹತ್ತಿತ್ತು. ಪುಡಿ ಮಾಡಿ ಹಾಗೇ ಎರಚಿದ ಪಟ್ಟೆಯಲ್ಲಿ ಬೆಳೆ ಸೊರಗಿತು, ಗಂಜಲದಲ್ಲಿ ನೆನೆಸಿ ಹಾಕಿದ ಪಟ್ಟೆ ಚೆನ್ನಾಗಿಯೇ ಬಂತು. ಕೆಲಸ ಮಾತ್ರ ವಿಪರೀತ, ಎಕರೆಗಟ್ಟಲೆ ಮಾಡುವವರಿಗೆ ಹೇಳಿದ್ದಲ್ಲ.

ಲೆಕ್ಕ ಕೇಳುವವರಿಗೆ: ಮೊದಲೆರಡು ವರ್ಷ ಕೈಯಿಂದಲೇ ಹೋಯಿತು. ಮೂರನೆಯದರಲ್ಲಿ ಸಮಸಮ. ಈಗ ಯೂರಿಯಾ ಮೂಟೆ ಅರ್ಧಕ್ಕಿಂತ ಕಡಿಮೆ, ನೀರೂ ಒಂದೆರಡು ಸುತ್ತು ಉಳಿಯುತ್ತದೆ. ಮಣ್ಣಿನ ಸಾವಯವ ಇಂಗಾಲ (ಕೊಳೆತ ಸೊಪ್ಪುಸದೆಯಿಂದ ಬರುವ ಸತ್ವದ ಅಳತೆ) ಶೇ. 0.4ರ ಹತ್ತಿರ ಇದ್ದದ್ದು 0.6 ದಾಟಿದೆ ಅಂತ ನೆನಪು. ನಂಬದವರ ಮುಂದೆ ಎರಡು ಗಾಜಿನ ಲೋಟದಲ್ಲಿ ನೀರಿಟ್ಟು, ನನ್ನ ಹೊಲದ್ದೊಂದು ಪಕ್ಕದ ಹೊಲದ್ದೊಂದು ಒಣ ಹೆಂಟೆ ಹಾಕಿದೆ. ಅವರದ್ದು ನೋಡನೋಡುತ್ತಲೇ ಕರಗಿ ರಾಡಿಯಾಯಿತು. ನನ್ನದು ಚಹಾ ಕುಡಿದು ಮುಗಿಸಿದರೂ ಹಾಗೇ ಕೂತಿತ್ತು. ಸತ್ವ ಇರುವ ಮಣ್ಣು ಹೀಗೆ ಹಿಡಿದುಕೊಂಡು ನಿಲ್ಲುತ್ತದೆ.

ಸೆಣಬು ರಂಜಕ, ಪೊಟ್ಯಾಷ್ ಹುಟ್ಟಿಸಲ್ಲ, ಅವನ್ನು ಮಣ್ಣು ಪರೀಕ್ಷೆ ನೋಡಿಯೇ ಕೊಡಬೇಕು. ನೀರು ನಿಂತರೆ ಅದು ತಾಳಲ್ಲ. ನನ್ನ ತಗ್ಗಿನ ಹೊಲಕ್ಕೆ ಈ ಸಲ ನಿಂತ ನೀರು ತಾಳುವ ಇನ್ನೊಂದು ಹಸಿರೆಲೆ ಗೊಬ್ಬರದ ಗಿಡ, ಡಯಾಂಚ, ಚೆಲ್ಲಿದ್ದೇನೆ, ಮೊಳಕೆ ಚೆನ್ನಾಗಿ ಬಂದಿದೆ.