ಇಂಡೆಕ್ಸ್ ಇದ್ದೂ 8 ಸೆಕೆಂಡು: ಟೈಪ್ ತಾಳೆಯಾಗದ ಕ್ವೆರಿ ಹಿಡಿದ ನನ್ನ ಅನುಭವ

ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಲ್ಲಿ ಆರ್ಡರ್ ನಂಬರ್ ಕೊಟ್ಟರೆ ಒಂದೇ ಸಾಲು ತರುವ ಕ್ವೆರಿ. ಟೇಬಲ್‌ನಲ್ಲಿ ಸುಮಾರು 4 ಕೋಟಿ ಸಾಲು, ಕಾಲಂ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇದೆ. ಆದರೂ ಆ್ಯಪ್‌ನಿಂದ ಬಂದಾಗ 7-8 ಸೆಕೆಂಡು. ಅದನ್ನೇ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ (ಕ್ವೆರಿಯನ್ನು ಕೈಯಲ್ಲೇ ಬರೆದು ಓಡಿಸುವ ಟೂಲ್) ಓಡಿಸಿದರೆ ತಕ್ಷಣ ಉತ್ತರ. ಎಲ್ಲರೂ ತಪ್ಪನ್ನು ನೆಟ್‌ವರ್ಕ್ ಮೇಲೆ ಹಾಕಿದರು.

ಇಂಡೆಕ್ಸ್ ರೀಬಿಲ್ಡ್ ಮಾಡಿದೆ. ಸ್ಟ್ಯಾಟಿಸ್ಟಿಕ್ಸ್ ಅಪ್‌ಡೇಟ್ ಮಾಡಿದೆ. ಇನ್ನೆರಡು ಇಂಡೆಕ್ಸ್ ಸೇರಿಸಿದೆ, ಇನ್ಸರ್ಟ್ ನಿಧಾನವಾಗಿದ್ದೇ ಬಂತು. ಕೊನೆಗೆ ದುಪ್ಪಟ್ಟು ಕೋರ್‌ಗಳ ಸರ್ವರ್‌ಗೆ ಹೋದೆವು. ಕ್ಲೌಡ್ ಬಿಲ್ಲೂ ಹೆಚ್ಚುಕಮ್ಮಿ ದುಪ್ಪಟ್ಟು. ಹಾಗೇ ಮೂರು ತಿಂಗಳು ಕಟ್ಟಿದೆವು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಕೈಯಲ್ಲಿ ಓಡಿಸಿ ನೋಡುವುದನ್ನು ಬಿಟ್ಟೆ. ಆ್ಯಪ್‌ಗೆ ಸಿಕ್ಕ ಪ್ಲ್ಯಾನನ್ನೇ (ಕ್ವೆರಿ ಓಡಿಸಲು ಸರ್ವರ್ ಆರಿಸಿಕೊಂಡ ದಾರಿ) ಕ್ಯಾಶ್‌ನಿಂದ ತೆಗೆದು ನೋಡಿದೆ. ಕಾಲಂ ಸುತ್ತ 'ಕನ್ವರ್ಟ್ ಇಂಪ್ಲಿಸಿಟ್' ಕೂತಿತ್ತು! ಅಂದರೆ ಸರ್ವರ್ ತಾನಾಗಿಯೇ ಟೈಪ್ ಬದಲಿಸುತ್ತಿತ್ತು. ಕಾಲಂ ವಾರ್‌ಚಾರ್, ಅಂದರೆ ಯೂನಿಕೋಡ್ ಅಲ್ಲದ ಪಠ್ಯ. ಜಾವಾ ಡ್ರೈವರ್ ಸ್ಟ್ರಿಂಗ್‌ಗಳನ್ನು ಡಿಫಾಲ್ಟ್ ಆಗಿ ಎನ್‌ವಾರ್‌ಚಾರ್ (ಎಲ್ಲ ಭಾಷೆಯ ಅಕ್ಷರ ಹಿಡಿಸುವ ಯೂನಿಕೋಡ್ ಪಠ್ಯ) ಎಂದು ಕಳಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎನ್‌ವಾರ್‌ಚಾರ್‌ಗೇ ಆದ್ಯತೆ, ಹಾಗಾಗಿ ಬದಲಾಗುವುದು ಪ್ಯಾರಾಮೀಟರ್ ಅಲ್ಲ, ಕಾಲಂ. ನಮ್ಮದು 'ಎಸ್‌ಕ್ಯೂಎಲ್' ಎಂದು ಶುರುವಾಗುವ ಹಳೇ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ, ವಿಂಗಡಿಸುವ ನಿಯಮ). ಅದರಲ್ಲಿ ಸೀಕ್ (ನೇರ ಬೇಕಾದ ಸಾಲಿಗೇ ಹೋಗುವುದು) ತಪ್ಪಿ ಪೂರ್ತಿ ಸ್ಕ್ಯಾನ್ (ಎಲ್ಲವನ್ನೂ ಓದುವುದು). ನಾನು ಕೈಯಲ್ಲಿ ಬರೆದಾಗ ಕೋಟ್ ಮುಂದೆ 'ಎನ್' ಹಾಕುತ್ತಿರಲಿಲ್ಲ, ಅದು ವಾರ್‌ಚಾರ್ ಆಗಿಯೇ ಹೋಗುತ್ತಿತ್ತು, ಅದಕ್ಕೇ ಅಲ್ಲಿ ಚುರುಕಾಗಿತ್ತು.

ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಸ್ಟ್ರಿಂಗ್‌ಗಳನ್ನು ಯೂನಿಕೋಡ್ ಆಗಿ ಕಳಿಸುವ ಸೆಟ್ಟಿಂಗ್ ಇದೆಯಲ್ವಾ, ಅದನ್ನು ಫಾಲ್ಸ್ ಮಾಡೋಣ ಎಂದೆ. ಒಂದು ಸೆಟ್ಟಿಂಗ್‌ನಿಂದ ಏನಾದೀತು ಎಂದರು ಉಳಿದವರು. ಬದಲಿಸಿದೆವು. ಲಾಜಿಕಲ್ ರೀಡ್ಸ್ (ಓದಿದ ಪುಟಗಳ ಎಣಿಕೆ) ಒಂದೂಮುಕ್ಕಾಲು ಲಕ್ಷದಿಂದ ಏಳೆಂಟಕ್ಕೆ ಇಳಿಯಿತು. ಸಮಯ 5 ಮಿಲಿಸೆಕೆಂಡಿನ ಆಸುಪಾಸು. ಆಮೇಲೆ ಯಾರೂ ಮಾತಾಡಲಿಲ್ಲ.

ಆದರೆ ಹುಷಾರು. ಈ ಸೆಟ್ಟಿಂಗ್ ಫಾಲ್ಸ್ ಆದರೆ ಸ್ಟ್ರಿಂಗ್‌ಗಳು ಯೂನಿಕೋಡ್ ಆಗಿ ಹೋಗುವುದಿಲ್ಲ. ಟೆಸ್ಟ್ ಸರ್ವರ್‌ನಲ್ಲಿ ಕನ್ನಡದ ಹೆಸರುಗಳು ಬರೀ ಪ್ರಶ್ನೆಚಿಹ್ನೆಗಳಾಗಿ ಸೇವ್ ಆದವು. ಅಂಥ ಕಾಲಂಗಳಿಗೆ ಸೆಟ್‌ಎನ್‌ಸ್ಟ್ರಿಂಗ್ (ಆ ಮೌಲ್ಯವನ್ನು ಮಾತ್ರ ಯೂನಿಕೋಡ್ ಆಗಿ ಕಳಿಸುವ ಜಾವಾ ಮೆಥಡ್) ಹಾಕಲು ಎರಡು ದಿನ ಹಿಡಿಯಿತು.

ಕುತೂಹಲಕ್ಕೆ ವಿಂಡೋಸ್ ಕೊಲೇಷನ್‌ನಲ್ಲೂ ನೋಡಿದೆ. ಅಲ್ಲಿ ಕನ್ವರ್ಷನ್ ಇದ್ದರೂ ಸೀಕ್ ಸಿಗುತ್ತದೆ, ಖರ್ಚು ಸ್ವಲ್ಪ ಜಾಸ್ತಿ ಅಷ್ಟೇ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ವಾರ್‌ಚಾರ್ ಫೋನ್ ನಂಬರನ್ನು ಕೋಟ್ ಇಲ್ಲದೆ ಹುಡುಕಿದೆ, ಇಂಡೆಕ್ಸ್ ಕೈಕೊಟ್ಟಿತು. ಇಂಟ್ (ಪೂರ್ಣಾಂಕ) ಕಾಲಂಗೆ ಕೋಟ್ ಹಾಕಿದರೆ ಮಾತ್ರ ಏನೂ ಆಗಲಿಲ್ಲ.

ಇಡೀ ಪ್ಲ್ಯಾನ್ ಕ್ಯಾಶ್ ಜಾಲಾಡಿ ಇಂಥವನ್ನೆಲ್ಲ ಹೆಕ್ಕುವ ಒಂದು ಕ್ವೆರಿ ಬರೆದುಕೊಂಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ಅದರಿಂದ ಇನ್ನೂ ಹನ್ನೊಂದೋ ಹನ್ನೆರಡೋ ಸಿಕ್ಕವು. ಎಲ್ಲ ಸರಿಯಾದ ಮೇಲೆ ಸೇರಿಸಿದ್ದ ಇಂಡೆಕ್ಸ್ ಎರಡನ್ನೂ ಕಿತ್ತು, ಹಳೇ ಸೈಜಿನ ಸರ್ವರ್‌ಗೇ ಮರಳಿದೆವು.