ಬಣ್ಣದ ಮೇಲಿನ ನಂಬರ್, ರೇಡಿಯೊದಲ್ಲಿನ ನಂಬರ್

ಬ್ರಿಟನ್ನಿನಲ್ಲಿ ಸೇನೆ ಬಿಟ್ಟುಕೊಟ್ಟ ಎಷ್ಟೋ ಹೆಲಿಕಾಪ್ಟರ್‌ಗಳು ಇವತ್ತು ಖಾಸಗಿಯವರ ಕೈಯಲ್ಲಿವೆ. ಅದರಲ್ಲಿ ಗೆಜೆಲ್‌ಗಳೇ ಜಾಸ್ತಿ. ವಾಸ್ಪ್, ಸ್ಕೌಟ್ ಕೆಲವು. ಹ್ಯೂಯಿ, ವರ್ಲ್‌ವಿಂಡ್ ಅಪರೂಪ. ಇವುಗಳನ್ನು ಗುರುತು ಹಿಡಿದು, ಯಾವುದು ಯಾವಾಗ ಯಾರ ಬಣ್ಣದಲ್ಲಿ ಹಾರಿತು ಅಂತ ದಾಖಲೆ ಇಡುವುದು ನನ್ನ ಹವ್ಯಾಸ. ಹೇಗೆ ಮಾಡುತ್ತೇನೆ ಅಂತ ಕೇಳುವವರು ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಕೆಲಸ ಕಿವಿಯದ್ದು. ಹ್ಯೂಯಿಯ ರೋಟರ್‌ಗೆ ಎರಡೇ ಬ್ಲೇಡ್, ನಿಮಿಷಕ್ಕೆ 324 ಸುತ್ತು. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 11 ಏಟು. ಆ ಧಪ್ ಧಪ್ ಸದ್ದು ಹೆಲಿಕಾಪ್ಟರ್ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಬಂದು ತಲುಪುತ್ತದೆ. ಗೆಜೆಲ್‌ದು ಬೇರೆ ರೀತಿ. ಅದರ ಬಾಲದ ರೋಟರ್ ಹೊರಗೆ ತಿರುಗುವುದಿಲ್ಲ, ಬಾಲದೊಳಗೇ ಕೊರೆದ ದುಂಡು ಕಿಂಡಿಯಲ್ಲಿ 13 ಪುಟ್ಟ ಬ್ಲೇಡ್‌ಗಳು ತಿರುಗುತ್ತವೆ. ಇದಕ್ಕೆ ಫೆನೆಸ್ಟ್ರಾನ್ ಅನ್ನುತ್ತಾರೆ. ಅದರಿಂದ ಬರುವುದು ತೆಳು ಸಿಳ್ಳೆ. ಒಮ್ಮೆ ಕಿವಿಗೆ ಕೂತರೆ ಆಮೇಲೆ ಮನೆಯೊಳಗಿದ್ದರೂ ಗೊತ್ತಾಗುತ್ತದೆ.

ಹೊಸಬರಿಗೆ ಗೊಂದಲ ಆಗುವುದು ವಾಸ್ಪ್ ಮತ್ತು ಸ್ಕೌಟ್ ನಡುವೆ. ಎರಡೂ ವೆಸ್ಟ್‌ಲ್ಯಾಂಡ್ ಕಂಪನಿಯವು, 1958ರಲ್ಲಿ ಹಾರಿದ ಒಂದೇ ಮೂಲ ವಿನ್ಯಾಸದಿಂದ ಬಂದವು. ಎರಡಕ್ಕೂ ನಿಂಬಸ್ ಎಂಜಿನ್. ಕಾಲು ನೋಡಿ ಸಾಕು. ಸ್ಕೌಟ್ ಭೂಸೇನೆಯದು, ಅದಕ್ಕೆ ಚಕ್ರದ ಬದಲು ಉದ್ದನೆಯ ಸ್ಕಿಡ್, ಅಂದರೆ ಕೊಳವೆಯಂಥ ಎರಡು ಜಾರುಗಾಲು. ವಾಸ್ಪ್ ನೌಕಾಪಡೆಯದು, ತೂಗಾಡುವ ಹಡಗಿನ ಡೆಕ್ ಮೇಲೆ ಇಳಿಯಬೇಕು, ಅದಕ್ಕೆ ನಾಲ್ಕು ಚಕ್ರ. ಎತ್ತರದಲ್ಲಿದ್ದು ಕಾಲು ಸರಿಯಾಗಿ ಕಾಣದಿದ್ದರೆ ನಾನು ಬಾಲ ನೋಡುತ್ತೇನೆ. ವಾಸ್ಪ್‌ನಲ್ಲಿ ಬಾಲದ ಮೇಲ್ತುದಿಗೆ ಒಂದೇ ಪಕ್ಕ ಅರ್ಧ ರೆಕ್ಕೆ ಇರುತ್ತದೆ, ಬಾಲದ ರೋಟರ್‌ನ ಎದುರು ಬದಿಗೆ.

ಮಾದರಿ ಗೊತ್ತಾದರೆ ಅರ್ಧ ಕೆಲಸವೂ ಮುಗಿದಿಲ್ಲ. ಯಾವ ಗೆಜೆಲ್ ಅನ್ನುವುದು ಮುಖ್ಯ, ಅಲ್ವಾ? ಇಲ್ಲಿಂದಲೇ ನಿಜವಾದ ಹುಡುಕಾಟ ಶುರು.

ಈ ಹೆಲಿಕಾಪ್ಟರ್‌ಗಳಿಗೆ ಎರಡೆರಡು ಗುರುತು. ಒಂದು ಸೇನೆಯ ಸೀರಿಯಲ್: ಎರಡು ಅಕ್ಷರ, ಮೂರು ಅಂಕಿ. ಇನ್ನೊಂದು ನಾಗರಿಕ ರಿಜಿಸ್ಟ್ರೇಷನ್, ಜಿ ಅಕ್ಷರದಿಂದ ಶುರುವಾಗುವುದು. ಮೂಲ ಸೇನಾ ಬಣ್ಣವನ್ನು ಸರಿಯಾಗಿ ಉಳಿಸಿಕೊಂಡರೆ ಹೊರಗಡೆ ನಾಗರಿಕ ನಂಬರ್ ಬರೆಯದೆ ಹಾರಲು ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ವಿನಾಯಿತಿ ಕೊಡುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಕಾಣುವುದು ಎಕ್ಸ್‌ಎಕ್ಸ್436. ಒಳಗಿರುವ ಟ್ರಾನ್ಸ್‌ಪಾಂಡರ್, ಅಂದರೆ ತನ್ನ ಗುರುತನ್ನು ರೇಡಿಯೊದಲ್ಲಿ ಕಳಿಸುವ ಪೆಟ್ಟಿಗೆ, ಹೇಳುವುದು ಜಿ-ಝಡ್‌ಝಡ್‌ಎಲ್‌ಇ. ಎರಡೂ ಒಂದೇ ಗೆಜೆಲ್. ವಾಸ್ಪ್ ಎಕ್ಸ್‌ಟಿ787 ಅಂದರೆ ಜಿ-ಕೆಎಎಕ್ಸ್‌ಟಿ. ಹಳದಿ ಬಣ್ಣದ ವರ್ಲ್‌ವಿಂಡ್ ಎಕ್ಸ್‌ಜೆ729 ಅಂದರೆ ಜಿ-ಬಿವಿಜಿಇ. ಈ ಜೋಡಿಗಳ ಪಟ್ಟಿಯೇ ನನ್ನ ಮೂಲ ಬಂಡವಾಳ.

ಜೋಡಿ ಹೊಂದಿಸಲು ಪ್ರಾಧಿಕಾರದ ಸಾರ್ವಜನಿಕ ರಿಜಿಸ್ಟರ್ ಇದೆ. ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ಅದರಲ್ಲಿ ನಾನು ಮೊದಲು ನೋಡುವುದು ತಯಾರಕರು ಕೊಟ್ಟ ನಿರ್ಮಾಣ ಸಂಖ್ಯೆ. ಬಣ್ಣ ಬದಲಾಗುತ್ತದೆ, ಮಾಲೀಕರು ಬದಲಾಗುತ್ತಾರೆ, ದೇಶವೂ ಬದಲಾಗುತ್ತದೆ. ನಿರ್ಮಾಣ ಸಂಖ್ಯೆ ಬದಲಾಗುವುದಿಲ್ಲ. ಇಂಗ್ಲೆಂಡಿನಲ್ಲೇ ನೆಲೆಸಿದ ಎಷ್ಟೋ ಗೆಜೆಲ್‌ಗಳು ಹಂಗೇರಿಯ ಎಚ್‌ಎ, ಸೆರ್ಬಿಯಾದ ವೈಯು ನಂಬರ್‌ಗಳಲ್ಲಿ ಹಾರಿದ್ದುಂಟು. ಬ್ರಿಟಿಷ್ ರಿಜಿಸ್ಟರ್ ಒಂದನ್ನೇ ನೋಡುತ್ತಾ ಕೂತರೆ ಅವು ಮಾಯವಾದಂತೆ ಅನಿಸುತ್ತದೆ. ಯುಗೊಸ್ಲಾವಿಯಾದಲ್ಲೂ ಸೋಕೊ ಕಾರ್ಖಾನೆ ಲೈಸೆನ್ಸ್ ಮೇಲೆ ಗೆಜೆಲ್ ತಯಾರಿಸುತ್ತಿತ್ತು. ಹಾಗಾಗಿ ಬ್ರಿಟಿಷ್ ಬಣ್ಣ ಬಳಿದುಕೊಂಡಿದ್ದೆಲ್ಲ ಬ್ರಿಟಿಷ್ ಸೇನೆಯದೇ ಆಗಿರಬೇಕು ಅಂತಿಲ್ಲ.

ಇನ್ನೊಂದು ತೊಡಕು ಬಾಲದ್ದು. ರಿಪೇರಿ ಮಾಡುವಾಗ ಒಂದರ ಬಾಲವನ್ನು ಇನ್ನೊಂದಕ್ಕೆ ಜೋಡಿಸುತ್ತಾರೆ. ಸೀರಿಯಲ್ ಬರೆದಿರುವುದು ಹೆಚ್ಚಾಗಿ ಬಾಲದ ಮೇಲೆ. ಆದರೆ ಹೆಲಿಕಾಪ್ಟರಿನ ಗುರುತು ಇರುವುದು ಕ್ಯಾಬಿನ್‌ಗೆ ಬಡಿದ ಲೋಹದ ಪ್ಲೇಟಿನಲ್ಲಿ. ಪ್ಲೇಟ್ ನೋಡುವ ಅವಕಾಶ ಸಿಕ್ಕರೆ ನಾನು ಬೇರೆಲ್ಲ ಬಿಟ್ಟು ಅದನ್ನೇ ಬರೆದುಕೊಳ್ಳುತ್ತೇನೆ.

ಇನ್ನು ರೇಡಿಯೊ ವಿಷಯ. ಟ್ರಾನ್ಸ್‌ಪಾಂಡರ್ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಅದರೊಳಗೆ 24 ಬಿಟ್‌ಗಳ ಒಂದು ವಿಳಾಸ ಇರುತ್ತದೆ, ಅದನ್ನು ಅಂಕಿ, ಅಕ್ಷರ ಸೇರಿ ಆರು ಸ್ಥಾನಗಳಲ್ಲಿ ಬರೆಯುತ್ತಾರೆ. ಶುರುವಿನಲ್ಲಿ 40ರಿಂದ 43ರವರೆಗೆ ಇದ್ದರೆ ಬ್ರಿಟನ್, 470ರಿಂದ 477ರವರೆಗೆ ಇದ್ದರೆ ಹಂಗೇರಿ, ಎ ಇದ್ದರೆ ಅಮೆರಿಕ. ನಂಬರ್ ಕಾಣದಷ್ಟು ದೂರದಲ್ಲಿ ಹೋದ ಹೆಲಿಕಾಪ್ಟರನ್ನೂ ಇದರಿಂದ ಹಿಡಿಯಬಹುದು. ರಿಜಿಸ್ಟ್ರೇಷನ್ ಬದಲಾದರೆ ಈ ವಿಳಾಸವೂ ಬದಲಾಗುತ್ತದೆ, ಅದು ನೆನಪಿರಲಿ.

ಆದರೆ ಈ ಸಿಗ್ನಲ್ ಹಿಡಿದು ತೋರಿಸುವ ಇಂಟರ್ನೆಟ್ ನಕ್ಷೆಯಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಹಾರಲಿಲ್ಲ ಅಂತಲ್ಲ. ಹಳೇ ಹೆಲಿಕಾಪ್ಟರ್‌ಗಳಲ್ಲಿ ಎಷ್ಟೋ ತಮ್ಮ ವಿಳಾಸ ಹೇಳುತ್ತವೆ, ತಾವು ಎಲ್ಲಿದ್ದೇವೆ ಅಂತ ಹೇಳುವುದಿಲ್ಲ. ಆಗ ಬೇರೆ ಬೇರೆ ಊರಿನ ರಿಸೀವರ್‌ಗಳಿಗೆ ಅದೇ ಸಿಗ್ನಲ್ ಎಷ್ಟು ಹೊತ್ತಿಗೆ ಬಂತು ಅಂತ ತಾಳೆ ನೋಡಿ ಜಾಗ ಲೆಕ್ಕ ಹಾಕಬೇಕು. ಅದಕ್ಕೆ ಸಾಮಾನ್ಯವಾಗಿ ನಾಲ್ಕು ಕಡೆಯಾದರೂ ಸಿಗ್ನಲ್ ಕೇಳಿಸಿರಬೇಕು. ಹೆಲಿಕಾಪ್ಟರ್ ಕೆಳಗೆ ಹಾರುವುದರಿಂದ ಅದೇ ಕಷ್ಟ. 9 ಮೀಟರ್ ಎತ್ತರದಲ್ಲಿ ಆಂಟೆನಾ ಇಟ್ಟಿದ್ದೀರಿ ಅಂದುಕೊಳ್ಳಿ. 10,000 ಮೀಟರ್ ಎತ್ತರದ ಜೆಟ್ ಲೆಕ್ಕದ ಪ್ರಕಾರ 400 ಕಿ.ಮೀ. ಆಚೆಯಿಂದಲೂ ಕೇಳಿಸಬೇಕು. 150 ಮೀಟರ್ ಎತ್ತರದ ಗೆಜೆಲ್ 60 ಕಿ.ಮೀ. ಒಳಗೆ ಬಂದರೆ ಮಾತ್ರ. 50 ಮೀಟರಿಗೆ ಇಳಿದರೆ 40. ಅದೂ ಮಧ್ಯೆ ಗುಡ್ಡ ಇಲ್ಲದಿದ್ದರೆ. ಹಾಗಾಗಿ ಆಂಟೆನಾ ಎತ್ತರಕ್ಕೆ ಏರಿಸುವುದು, ಕೇಬಲ್ ಚಿಕ್ಕದಾಗಿಡುವುದು, ಇವೆರಡಕ್ಕೇ ನಾನು ಹೆಚ್ಚು ಗಮನ ಕೊಟ್ಟಿದ್ದೇನೆ. ದುಬಾರಿ ರಿಸೀವರ್‌ಗಿಂತ ಅದರಿಂದ ಪ್ರಯೋಜನ ಜಾಸ್ತಿ.

ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಜಾಸ್ತಿ ಹೇಳುವುದೇನಿಲ್ಲ. ವೈಮಾನಿಕ ಪ್ರದರ್ಶನದ ದಿನಕ್ಕಿಂತ ಹಿಂದಿನ ದಿನ ಒಳ್ಳೆಯದು, ಎಲ್ಲವೂ ಒಂದೊಂದಾಗಿ ಬಂದಿಳಿಯುತ್ತವೆ, ಜನಜಂಗುಳಿ ಇರುವುದಿಲ್ಲ. ಮಿಡಲ್ ವಾಲಪ್‌ನ ಸೇನಾ ವಿಮಾನ ಮ್ಯೂಸಿಯಂ, ವೆಸ್ಟನ್-ಸೂಪರ್-ಮೇರ್‌ನ ಹೆಲಿಕಾಪ್ಟರ್ ಮ್ಯೂಸಿಯಂ ಎರಡನ್ನೂ ನೋಡಲೇಬೇಕು. ಹತ್ತಿರದಿಂದ ಮೈಕಟ್ಟು ಕಲಿಯಲು ಅವೇ ಸರಿ. ಲಂಡನ್‌ನಲ್ಲಾದರೆ ಥೇಮ್ಸ್ ಸೇತುವೆಗಳು. ಒಂದೇ ಎಂಜಿನ್ ಇರುವ ಹೆಲಿಕಾಪ್ಟರ್‌ಗಳು ನಗರದ ಮಧ್ಯಭಾಗದಲ್ಲಿ ನದಿಯ ಮೇಲಿನ ದಾರಿ ಹಿಡಿದೇ ಸಾಗಬೇಕು. ಗೆಜೆಲ್‌ಗೆ ಇರುವುದು ಒಂದೇ ಎಂಜಿನ್.

ಫೋಟೊ ತೆಗೆಯುವಾಗ ಎರಡು ಬಗೆ ಇಟ್ಟುಕೊಂಡಿದ್ದೇನೆ. ಮೊದಲು ದಾಖಲೆಗೆ, ಕ್ಯಾಮೆರಾದ ಷಟರ್ ತೆರೆದಿರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಮಾತ್ರ. ನಂಬರ್ ಚೂಪಾಗಿ ಬರುತ್ತದೆ, ಆದರೆ ಬ್ಲೇಡ್ ಗಾಳಿಯಲ್ಲಿ ನಿಂತುಬಿಟ್ಟ ಹಾಗೆ ಕಾಣುತ್ತದೆ. ಆಮೇಲೆ 125ರಲ್ಲಿ ಒಂದು ಭಾಗಕ್ಕೆ ಇಳಿಸುತ್ತೇನೆ. ಅಷ್ಟು ಹೊತ್ತಿನಲ್ಲಿ ಹ್ಯೂಯಿಯ ಬ್ಲೇಡ್ ಸುಮಾರು 15 ಡಿಗ್ರಿ ತಿರುಗುತ್ತದೆ. ಆ ಮಸುಕಿನಲ್ಲೇ ಹೆಲಿಕಾಪ್ಟರಿಗೆ ಜೀವ ಬರುವುದು. ಕೈ ಗಟ್ಟಿ ಇರಬೇಕು ಅಷ್ಟೇ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಈ ಹೆಲಿಕಾಪ್ಟರ್‌ಗಳಲ್ಲಿ ಕೆಲವು ಮಾಲೀಕರ ಸ್ವಂತ ಜಮೀನಿನಲ್ಲೇ, ಮನೆ ಪಕ್ಕದ ಶೆಡ್‌ನಲ್ಲೇ ಇರುತ್ತವೆ. ಟ್ರ್ಯಾಕ್ ಹಿಡಿದರೆ ಆ ಜಾಗ ಯಾವುದು ಅಂತ ಕಂಡುಹಿಡಿಯುವುದು ಸುಲಭ. ನಾನು ಅದನ್ನು ಬರೆಯುವುದಿಲ್ಲ, ಯಾರಿಗೂ ಹೇಳುವುದಿಲ್ಲ. ನನ್ನ ದಾಖಲೆಯಲ್ಲಿ ಸೀರಿಯಲ್, ರಿಜಿಸ್ಟ್ರೇಷನ್, ನಿರ್ಮಾಣ ಸಂಖ್ಯೆ, ತಾರೀಕು, ಬಣ್ಣ ಇಷ್ಟೇ. ಜಾಗ ಬರೆಯುವುದು ಸಾರ್ವಜನಿಕ ಏರ್‌ಫೀಲ್ಡ್ ಆಗಿದ್ದರೆ ಮಾತ್ರ. ಸುಮ್ನೆ ಯಾರದೋ ಬೇಲಿ ಪಕ್ಕ ಹೋಗಿ ನಿಲ್ಲುವುದೂ ಇಲ್ಲ. ಬಿಡಿಭಾಗ ಹುಡುಕಿ, ಕೈಯಿಂದ ದುಡ್ಡು ಹಾಕಿ ಇವುಗಳನ್ನು ಹಾರಿಸುತ್ತಿರುವವರು ಅವರು. ಪ್ರದರ್ಶನದಲ್ಲಿ ಹೋಗಿ ನೇರವಾಗಿ ಮಾತಾಡಿಸಿದರೆ ಬಾಗಿಲು ತೆಗೆದು ಪ್ಲೇಟ್ ತೋರಿಸಿದ ಮಾಲೀಕರಿದ್ದಾರೆ, ಯಾವ ಬಾಲ ಎಲ್ಲಿಂದ ತಂದು ಹಾಕಿದೆವು ಅಂತ ವಿವರವಾಗಿ ಹೇಳಿದವರಿದ್ದಾರೆ. ನನ್ನ ಪಟ್ಟಿಯಲ್ಲಿ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದ ಸಾಲುಗಳಲ್ಲಿ ಬಹಳಷ್ಟು ಸರಿಹೋಗಿದ್ದು ಹಾಗೆಯೇ.